ಪೇಟಿಯ ಮುಂದೆ ಕೂತು ನಗಿಸುವುದು

ಶಾಸ್ತ್ರೀಯ ಸಂಗೀತ ಎಂದ ಕೂಡಲೇ ನಮ್ಮ ವಯಸ್ಸಿನ ಹೆಚ್ಚಿನವರಿಗೆ ನೆನಪಾಗುವುದು ಆಕಳಿಕೆ. ಹಾಸ್ಯ ಎಂದ ಕೂಡಲೇ ನೆನಪಾಗುವುದು ಮೊಬೈಲಿನಲ್ಲಿ ನೋಡುವ ಅರ್ಧ ನಿಮಿಷದ ವಿಡಿಯೊ. ಇವೆರಡೂ ಒಂದೇ ವೇದಿಕೆಯ ಮೇಲೆ, ಒಬ್ಬನೇ ಕಲಾವಿದನಲ್ಲಿ, ಒಂದರಿಂದ ಇನ್ನೊಂದು ಕೆಡದಂತೆ ಸೇರಬಹುದು ಎಂದರೆ ನಂಬುವುದು ಕಷ್ಟ. ಆದರೆ ಹಾಗೆ ಸೇರಿಸಿದವರು ಇದ್ದಾರೆ. ಇಬ್ಬರ ಬಗ್ಗೆ ಇಲ್ಲಿ ಬರೆಯುತ್ತೇನೆ. ಒಬ್ಬರು ಪೇಟಿ ನುಡಿಸುತ್ತಿದ್ದವರು, ನಮ್ಮ ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳಿದವರು. ಇನ್ನೊಬ್ಬರು ಪಿಯಾನೊ ನುಡಿಸುತ್ತಿದ್ದವರು. ಹುಟ್ಟಿದ್ದು ಡೆನ್ಮಾರ್ಕಿನಲ್ಲಿ, ಹೆಸರು ಮಾಡಿದ್ದು ಅಮೆರಿಕದಲ್ಲಿ.

ಮೊದಲು ಪೇಟಿಗೂ ಪಿಯಾನೊಗೂ ಏನು ಸಂಬಂಧ ಎಂದು ಹೇಳಬೇಕು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಭಜನೆಗೆ ಪೇಟಿ, ಕವ್ವಾಲಿಗೆ ಪೇಟಿ, ಕಂಪನಿ ನಾಟಕಕ್ಕೂ ಪೇಟಿ. ಇಷ್ಟು ಹತ್ತಿರವಾದ ವಾದ್ಯ ಇಲ್ಲಿಯದೇ ಇರಬೇಕು ಅನಿಸುತ್ತದೆ. ಆದರೆ 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂದ್ರ ದೆಬೇನ್ ಎಂಬವರು ಹಾರ್ಮೋನಿಯಂ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು ಮೇಜಿನಂಥ ವಾದ್ಯಕ್ಕೆ. ಅದರ ತಿದಿಯನ್ನು ಕಾಲಿನಿಂದ ಒತ್ತಬೇಕಿತ್ತು. ಅದನ್ನು ನೆಲದ ಮೇಲೆ ಕೂತು ನುಡಿಸುವಂತೆ, ಒಂದು ಕೈ ಗಾಳಿಗೆ ಒಂದು ಕೈ ಸ್ವರಕ್ಕೆ ಎಂದು ಬದಲಿಸಿದವರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಪ್ರಮುಖರು. ಕರಿ-ಬಿಳಿ ಮನೆಗಳ ಸಾಲು ಪಿಯಾನೊದಲ್ಲಿ ಹೇಗಿದೆಯೋ ಪೇಟಿಯಲ್ಲೂ ಹಾಗೆಯೇ ಇದೆ. ವ್ಯತ್ಯಾಸ ಇರುವುದು ಒಳಗೆ. ಪಿಯಾನೊದಲ್ಲಿ ಮನೆ ಒತ್ತಿದರೆ ಒಂದು ಸಣ್ಣ ಸುತ್ತಿಗೆ ತಂತಿಗೆ ಹೊಡೆಯುತ್ತದೆ; ಪೇಟಿಯಲ್ಲಿ ಗಾಳಿ ನುಗ್ಗಿ ಹಿತ್ತಾಳೆಯ ರೀಡ್ ಅದುರುತ್ತದೆ. ದೊಡ್ಡ ಪಿಯಾನೊಗೆ 88 ಮನೆಗಳು. ಪೇಟಿಗೆ ಅದರ ಅರ್ಧಕ್ಕಿಂತಲೂ ಕಡಿಮೆ.

ಎರಡಕ್ಕೂ ಒಂದೇ ಕೊರತೆ. ನಮ್ಮ ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರಲ್ಲ, ಆ ಮೀಂಡ್ ಪೇಟಿಯಲ್ಲಿ ಬರುವುದಿಲ್ಲ. ಮನೆಯಿಂದ ಮನೆಗೆ ಜಿಗಿಯಬೇಕೇ ಹೊರತು ನಡುವಿನ ಓಣಿಯಲ್ಲಿ ನಡೆಯಲಾಗುವುದಿಲ್ಲ. ಇದೇ ಕಾರಣಕ್ಕೆ ಇದು ನಮ್ಮ ಸಂಗೀತಕ್ಕೆ ಒಗ್ಗದ ಪರದೇಶಿ ವಾದ್ಯ ಎಂದು 1940ರ ಮಾರ್ಚ್‌ನಲ್ಲಿ ಆಕಾಶವಾಣಿ ಪೇಟಿಯನ್ನು ನಿಷೇಧಿಸಿತು. ಆ ನಿಷೇಧ ಸಡಿಲವಾದದ್ದು 1971ರ ಹೊತ್ತಿಗೆ. ಮೂವತ್ತು ವರ್ಷ! ಅಷ್ಟರಲ್ಲಿ ಪೇಟಿ ಊರೂರಿನ ಗುಡಿ, ದರ್ಗಾ, ನಾಟಕದ ಕಂಪನಿಗಳಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ನುಡಿಯುತ್ತಲೇ ಇತ್ತು.

ಈಗ ಬೆಳಗಾವಿಯವರ ಕಥೆ. ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆ, ಎಲ್ಲರೂ ಕರೆಯುವುದು ಪು.ಲ. ಎಂದು. 1919ರ ನವೆಂಬರ್ 8ರಂದು ಮುಂಬಯಿಯಲ್ಲಿ ಹುಟ್ಟಿದರು, 2000ದ ಜೂನ್ 12ರಂದು ಪುಣೆಯಲ್ಲಿ ತೀರಿಕೊಂಡರು. ಮರಾಠಿಯ ಅತಿ ದೊಡ್ಡ ಹಾಸ್ಯ ಲೇಖಕರಲ್ಲಿ ಒಬ್ಬರು; 1965ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1990ರಲ್ಲಿ ಪದ್ಮಭೂಷಣ ಬಂತು. ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅವರು ಕೆಲಕಾಲ ಪ್ರಾಧ್ಯಾಪಕರಾಗಿದ್ದರು. ಮರಾಠಿ ಓದಬಲ್ಲವರಿಗೆ ಇದೆಲ್ಲ ಗೊತ್ತಿರುತ್ತದೆ. ಕನ್ನಡದ ಹುಡುಗರಿಗೆ, ಉರ್ದು ಮನೆಯ ಹುಡುಗರಿಗೆ ಗೊತ್ತಿರುವುದು ಅಪರೂಪ. ಬೈಲಹೊಂಗಲದಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ತಿರುಗಿ ಬರುವಷ್ಟೇ ದೂರ ಇದ್ದರೂ ಭಾಷೆಯ ದೂರ ಬೇರೆಯೇ.

ಪು.ಲ. ಬರೀ ಬರೆಯುತ್ತಿರಲಿಲ್ಲ, ಪೇಟಿಯನ್ನು ಪಳಗಿದ ಕೈಯಿಂದ ನುಡಿಸುತ್ತಿದ್ದರು. ಕುಮಾರ ಗಂಧರ್ವ, ವಸಂತರಾವ್ ದೇಶಪಾಂಡೆಯಂಥ ಗಾಯಕರು ಅವರ ಸ್ನೇಹಿತರು. (ಕುಮಾರ ಗಂಧರ್ವರು ಹುಟ್ಟಿದ್ದು ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ, 1924ರಲ್ಲಿ.) 1953ರ 'ಗುಳಾಚಾ ಗಣಪತಿ' ಎಂಬ ಮರಾಠಿ ಸಿನಿಮಾಕ್ಕೆ ಕಥೆ, ಸಂಗೀತ, ನಿರ್ದೇಶನ, ಮುಖ್ಯ ಪಾತ್ರ ಎಲ್ಲವೂ ಪು.ಲ. ಅವರದೇ. ಆ ನಗೆಯ ಸಿನಿಮಾದಲ್ಲಿ ಹಾಡಿದವರಲ್ಲಿ ನಮ್ಮ ಗದುಗಿನ ಭೀಮಸೇನ ಜೋಶಿ ಒಬ್ಬರು! ಹಾಸ್ಯದ ಚಿತ್ರ ತಾನೇ ಎಂದು ಸಂಗೀತದಲ್ಲಿ ರಿಯಾಯಿತಿ ಮಾಡಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಮುಂದೆ 1961ರಿಂದ ಅವರು 'ಬಟಾಟ್ಯಾಚೀ ಚಾಳ' ಎಂಬ ಏಕವ್ಯಕ್ತಿ ಪ್ರದರ್ಶನ ಕೊಟ್ಟರು. ಮುಂಬಯಿಯ ಒಂದು ಚಾಳಿನಲ್ಲಿ ವಾಸಿಸುವ ಎಲ್ಲ ಸಂಸಾರಗಳೂ ವೇದಿಕೆಯ ಮೇಲೆ ಒಬ್ಬರೇ. ಸ್ನೇಹಿತರ ಬೈಠಕ್ಕಿನಲ್ಲಿ ಪೇಟಿ ಎಳೆದುಕೊಂಡು ಕೂತರೆ ಹಾಡೂ ನಗುವೂ ಒಟ್ಟಿಗೇ ಬರುತ್ತಿದ್ದವು. ತಮಾಷೆಯೆಂದರೆ ಈ ಪೇಟಿಯ ಮನುಷ್ಯ ಕೆಲವು ವರ್ಷ ನೌಕರಿ ಮಾಡಿದ್ದು, ಪೇಟಿಯನ್ನು ಹೊರಗಿಟ್ಟಿದ್ದ ಅದೇ ಆಕಾಶವಾಣಿಯಲ್ಲಿ.

ಬೆಳಗಾವಿ ಅವರಿಗೆ ಒಂದು ಪಾತ್ರವನ್ನೂ ಕೊಟ್ಟಿತು. 'ರಾವಸಾಹೇಬ' ಎಂಬುದು ಅವರು ಬರೆದ ಪ್ರಸಿದ್ಧ ವ್ಯಕ್ತಿಚಿತ್ರ. ಬೆಳಗಾವಿಯ ಒಬ್ಬ ಸ್ನೇಹಿತ, ಬಾಯಿ ಒರಟು, ಮನಸ್ಸು ಬೆಣ್ಣೆ. ಆತ ಆಡುವುದು ಕನ್ನಡ ಬೆರೆತ ಮರಾಠಿ. ಪು.ಲ. ಇದನ್ನು ಸಭೆಯಲ್ಲಿ ಓದುವಾಗ ಆ ಧಾಟಿಯನ್ನು ಹಾಗೆಯೇ ತರುತ್ತಿದ್ದರು. ನನಗೆ ಮರಾಠಿ ಅರ್ಧಂಬರ್ಧ ಬರುತ್ತದೆ, ಆದರೂ ಅದರ ಧ್ವನಿಮುದ್ರಣ ಕೇಳಿದರೆ ಮರಾಠಿಯ ಒಳಗಿಂದ ಕನ್ನಡದ ಎಳೆತ ಎದ್ದು ಬರುವುದು ತಿಳಿಯುತ್ತದೆ. ಕೇಳುವವರು ನಗುತ್ತಾರೆ, ಆಮೇಲೆ ಆ ಮನುಷ್ಯನನ್ನು ಪ್ರೀತಿಸತೊಡಗುತ್ತಾರೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಅದಕ್ಕೆ ಮೊದಲು ಒಂದು ಪ್ರಶ್ನೆ: ಸಂಗೀತದಿಂದ ನಗು ಹುಟ್ಟುವುದು ಹೇಗೆ? ಸಂಗೀತದಲ್ಲಿ ಮಾತೇ ಇಲ್ಲದಿದ್ದರೂ ಜನ ನಗುತ್ತಾರೆ. ಅದರ ಗುಟ್ಟು ತಾಳದಲ್ಲಿದೆ ಅನಿಸುತ್ತದೆ. ಹಿಂದೂಸ್ತಾನಿಯ ತೀನ್ ತಾಲ್ ತೆಗೆದುಕೊಳ್ಳಿ. ಅದಕ್ಕೆ 16 ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಒಂದನೇ ಮಾತ್ರೆಗೆ ಸಮ್ ಅನ್ನುತ್ತಾರೆ. ಗಾಯಕ ಎಲ್ಲೆಲ್ಲೋ ಸುತ್ತಿ, ತಾನ್ ಹೊಡೆದು, ಇನ್ನೇನು ತಪ್ಪಿಯೇ ಹೋದ ಅನ್ನುವಾಗ ಸರಿಯಾಗಿ ಸಮ್‌ಗೆ ಬಂದು ಕೂರುತ್ತಾನೆ. ಆಗ ಕೂತವರೆಲ್ಲ ತಲೆಯಾಡಿಸಿ ವಾಹ್ ಅನ್ನುತ್ತಾರೆ. ತಲೆಯಾಡಿಸಲು ಕಾರಣ, ಅವರೂ ಮನಸ್ಸಿನಲ್ಲೇ ಎಣಿಸುತ್ತಿದ್ದರು, ಕಾಯುತ್ತಿದ್ದರು. ಹಾಸ್ಯಗಾರನೂ ಹೀಗೇ ಕಾಯಿಸುತ್ತಾನೆ. ಆದರೆ ಕೊನೆಯ ಗಳಿಗೆಯಲ್ಲಿ ಬೇರೆ ಕಡೆ ಹೋಗಿ ಕೂರುತ್ತಾನೆ. ಕಾದದ್ದು ಬಂದರೆ ವಾಹ್, ಕಾದ ಜಾಗದಲ್ಲಿ ಬೇರೇನೋ ಬಂದರೆ ಹಹ್ಹಾ. ಎರಡಕ್ಕೂ ಲೆಕ್ಕ ಒಂದೇ. ಬೇಕೆಂದೇ ತಪ್ಪಿಸುವವನಿಗೆ ಸರಿಯಾದ ಜಾಗ ಎಲ್ಲಿದೆ ಎಂದು ಉಳಿದವರಿಗಿಂತ ಚೆನ್ನಾಗಿ ಗೊತ್ತಿರಬೇಕು. ನಿಜವಾಗಿ ತಪ್ಪಿದವನನ್ನು ನೋಡಿದರೆ ನಗು ಬರುವುದಿಲ್ಲ, ಪಾಪ ಅನಿಸುತ್ತದೆ.

ಈ ಲೆಕ್ಕವನ್ನು ಪಿಯಾನೊದ ಮೇಲೆ ಇಡೀ ಜೀವನ ಮಾಡಿ ತೋರಿಸಿದವರು ವಿಕ್ಟರ್ ಬೋರ್ಗೆ. (ಹೆಸರಿನಲ್ಲಿ ಬೋರ್ ಇದ್ದರೂ ಒಂದು ನಿಮಿಷವೂ ಬೋರ್ ಹೊಡೆಸುವವರಲ್ಲ.) 1909ರ ಜನವರಿ 3ರಂದು ಕೋಪನ್‌ಹೇಗನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಮೊದಲ ಹೆಸರು ಬೋರ್ಗೆ ರೋಸೆನ್‌ಬೌಮ್. ತಂದೆ ರಾಜಮನೆತನದ ವಾದ್ಯವೃಂದದಲ್ಲಿ ವಯೋಲ ನುಡಿಸುತ್ತಿದ್ದರು. ಮಗ ಮೂರು ವರ್ಷ ತುಂಬುವ ಮೊದಲೇ ಪಿಯಾನೊದ ಮುಂದೆ ಕೂತು, ಎಂಟನೇ ವಯಸ್ಸಿನಲ್ಲಿ ಸಭೆಯಲ್ಲಿ ನುಡಿಸಿದ. 1918ರಲ್ಲಿ ಡೆನ್ಮಾರ್ಕಿನ ರಾಯಲ್ ಸಂಗೀತ ಅಕಾಡೆಮಿಯಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ಅವರ ಗುರುಗಳಲ್ಲಿ ಒಬ್ಬರಾದ ಫ್ರೆಡರಿಕ್ ಲಮಂಡ್, ಮಹಾನ್ ಪಿಯಾನೊ ವಾದಕ ಲಿಸ್ಟ್ ಅವರ ನೇರ ಶಿಷ್ಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ದೊಡ್ಡ ಘರಾಣೆಯ ಹುಡುಗ.

ಅಂಥವರು ವೇದಿಕೆಗೆ ಬಂದು ಏನು ಮಾಡುತ್ತಿದ್ದರು? ಕಪ್ಪು ಸೂಟು ಹಾಕಿ ಗಂಭೀರವಾಗಿ ಬಂದು ಕೂರುತ್ತಾರೆ. ಸ್ವರಲಿಪಿಯ ಹಾಳೆ ಎದುರಿಗಿಟ್ಟು ನುಡಿಸಲು ಶುರು ಮಾಡುತ್ತಾರೆ. ಏನೋ ವಿಚಿತ್ರ ಧಾಟಿ, ಯಾರೂ ಕೇಳಿದ್ದಲ್ಲ. ಅವರಿಗೇ ಅನುಮಾನ ಬಂದು ಹಾಳೆಯನ್ನು ದಿಟ್ಟಿಸಿ ನೋಡುತ್ತಾರೆ. ಹಾಳೆ ತಲೆಕೆಳಗಾಗಿದೆ. ತಿರುಗಿಸಿ ಇಟ್ಟು ನುಡಿಸಿದರೆ ಎಲ್ಲರಿಗೂ ಗೊತ್ತಿರುವ 'ವಿಲಿಯಂ ಟೆಲ್' ಕುದುರೆಯಂತೆ ಓಡುತ್ತದೆ. ಇನ್ನೊಮ್ಮೆ ಸ್ಟೂಲಿನಿಂದ ಬಿದ್ದು, ಎದ್ದು ಬಂದು, ಸ್ಟೂಲಿನಿಂದ ಕಾರಿನ ಸೀಟ್ ಬೆಲ್ಟ್ ಎಳೆದು ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಮತ್ತೊಮ್ಮೆ ಹುಟ್ಟುಹಬ್ಬದ ಹಾಡೊಂದನ್ನು ಮೋಝಾರ್ಟ್ ಬರೆದಿದ್ದರೆ ಹೇಗಿರುತ್ತಿತ್ತು, ಬೀಥೋವನ್ ಬರೆದಿದ್ದರೆ ಹೇಗೆ, ವಾಗ್ನರ್ ಬರೆದಿದ್ದರೆ ಹೇಗೆ ಎಂದು ಒಂದಾದ ಮೇಲೊಂದು ನುಡಿಸುತ್ತಾರೆ. ಇದು ಮಾತ್ರ ಬರೀ ಹಾಸ್ಯ ಎಂದು ದಾಟಿಹೋಗುವಂಥದ್ದಲ್ಲ. ಒಂದೇ ಚೀಜನ್ನು ಕಿರಾಣಾದವರು ಹೇಗೆ ಹಾಡುತ್ತಾರೆ, ಗ್ವಾಲಿಯರ್‌ನವರು ಹೇಗೆ, ಜೈಪುರದವರು ಹೇಗೆ ಎಂದು ಕೂತಲ್ಲೇ ತೋರಿಸಿದಂತೆ. ನಾಲ್ಕು ಘರಾಣೆ ಹೊಟ್ಟೆಯಲ್ಲಿ ಇಲ್ಲದೆ ಅದು ಸಾಧ್ಯವಿಲ್ಲ.

ನನಗೆ ಬಹಳ ಹಿಡಿಸಿದ್ದು ಲಿಸ್ಟ್ ಅವರ ಎರಡನೇ ಹಂಗೇರಿಯನ್ ರ‍್ಯಾಪ್ಸೊಡಿ. ಇಸ್ತಾಂಬುಲ್‌ನಲ್ಲಿ ಹುಟ್ಟಿದ ಶಹಾನ್ ಅರ್ಝ್ರುನಿ ಎಂಬ ಪಿಯಾನೊ ವಾದಕರ ಜೊತೆ ಒಂದೇ ಪಿಯಾನೊದ ಮುಂದೆ ಕೂತು ನುಡಿಸುತ್ತಾರೆ. ಒಬ್ಬರ ಕೈ ಇನ್ನೊಬ್ಬರ ಕೈಯ ಮೇಲೆ, ಕೆಳಗೆ, ಬೆನ್ನ ಹಿಂದಿನಿಂದ. ಜಾಗಕ್ಕಾಗಿ ತಳ್ಳಾಟ, ಎದ್ದು ಸುತ್ತಿ ಇನ್ನೊಂದು ಬದಿಗೆ ಹೋಗಿ ಕೂರುವುದು. ಹಬ್ಬದ ದಿನ ಜೀಪಿನಲ್ಲಿ ಊರಿಗೆ ಹೊರಟವರ ಹಾಗೆ. ಆದರೆ ಇಷ್ಟೆಲ್ಲದರ ನಡುವೆ ಒಂದು ಸ್ವರವೂ ಬಿದ್ದುಹೋಗುವುದಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಕಛೇರಿ, ಕಣ್ಣು ತೆರೆದರೆ ಸರ್ಕಸ್.

ಇನ್ನು ಅವರ ಬದುಕಿನ ನಗೆಯಲ್ಲದ ಭಾಗ. ಬೋರ್ಗೆ ಡೆನ್ಮಾರ್ಕಿನಲ್ಲಿ ಇದ್ದಾಗಲೇ ವೇದಿಕೆಯ ಮೇಲೆ ಹಿಟ್ಲರನನ್ನು, ನಾಜಿಗಳನ್ನು ಹಾಸ್ಯ ಮಾಡುತ್ತಿದ್ದರು. 1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಹಿಡಿದುಕೊಂಡಿತು. (ಇಲ್ಲಿ ಪೇಟಿಗೆ ನಿಷೇಧ ಬಿದ್ದು ಆಗ ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಳೆದಿತ್ತಷ್ಟೇ, ನೋಡಿ.) ಆ ಹೊತ್ತಿಗೆ ಅವರು ಸ್ವೀಡನ್ನಿನಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ತಿರುಗಿ ಹೋಗಿದ್ದರೆ ಏನಾಗುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಯಹೂದಿ, ಅದರ ಮೇಲೆ ಹಿಟ್ಲರನನ್ನು ನಗೆಪಾಟಲು ಮಾಡಿದವನು. ಫಿನ್ಲೆಂಡಿಗೆ ಹೋಗಿ, ಅಲ್ಲಿನ ಪೆಟ್ಸಾಮೊ ಬಂದರಿನಿಂದ ಹೊರಟ 'ಅಮೆರಿಕನ್ ಲೀಜನ್' ಎಂಬ ಹಡಗು ಹತ್ತಿದರು. 1940ರ ಆಗಸ್ಟ್ 28ರಂದು ನ್ಯೂಯಾರ್ಕಿಗೆ ಬಂದು ಇಳಿದಾಗ ಜೇಬಿನಲ್ಲಿದ್ದದ್ದು 20 ಡಾಲರ್. ಅದರಲ್ಲಿ 3 ಡಾಲರ್ ಸುಂಕದವರಿಗೆ ಹೋಯಿತು. ಓಪನಿಂಗ್ ಬ್ಯಾಲೆನ್ಸ್ 17.

ಇಂಗ್ಲಿಷ್ ಬರುತ್ತಿರಲಿಲ್ಲ. ಡೆನ್ಮಾರ್ಕಿನಲ್ಲಿ ಅವರು ನಗಿಸುತ್ತಿದ್ದದ್ದು ಮಾತಿನಿಂದ. ಮಾತು ಊರಲ್ಲೇ ಉಳಿದಿತ್ತು. ಸಿನಿಮಾ ಟಾಕೀಸಿನಲ್ಲಿ ಕೂತು ಅದೇ ಸಿನಿಮಾಗಳನ್ನು ಮತ್ತೆ ಮತ್ತೆ ನೋಡಿ ಭಾಷೆ ಕಲಿತರು. ಒಂದು ವರ್ಷ ಕಳೆಯುವಷ್ಟರಲ್ಲಿ ಬಿಂಗ್ ಕ್ರಾಸ್ಬಿಯ ಹೆಸರಾಂತ ರೇಡಿಯೊ ಕಾರ್ಯಕ್ರಮದಲ್ಲಿ ಅಮೆರಿಕವನ್ನೇ ನಗಿಸುತ್ತಿದ್ದರು. 1948ರಲ್ಲಿ ಅಲ್ಲಿನ ನಾಗರಿಕರಾದರು. 1953ರ ಅಕ್ಟೋಬರ್‌ನಿಂದ 1956ರ ಜನವರಿವರೆಗೆ ನ್ಯೂಯಾರ್ಕಿನ ಗೋಲ್ಡನ್ ಥಿಯೇಟರಿನಲ್ಲಿ 'ಕಾಮಿಡಿ ಇನ್ ಮ್ಯೂಸಿಕ್' ಎಂಬ ಪ್ರದರ್ಶನ ಕೊಟ್ಟರು. ಒಬ್ಬರೇ, ಒಂದು ಪಿಯಾನೊ, 849 ಪ್ರದರ್ಶನ. ಏಕವ್ಯಕ್ತಿ ಪ್ರದರ್ಶನಗಳಲ್ಲಿ ಅದು ಗಿನ್ನೆಸ್ ದಾಖಲೆಯಾಯಿತು. ನಡುವೆ ಕನೆಕ್ಟಿಕಟ್‌ನಲ್ಲಿ ಜಮೀನು ಕೊಂಡು ಕಾರ್ನಿಶ್ ಕೋಳಿ ಸಾಕಿ ಮಾರಿ, ಆ ತಳಿಯನ್ನು ದೇಶಕ್ಕೆಲ್ಲ ಪರಿಚಯಿಸಿದರು. ವಾಣಿಜ್ಯ ವಿಭಾಗದವರು ಗಮನಿಸಬೇಕಾದ ವಿಷಯ.

ನಮ್ಮ ವಿಭಾಗದವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ, ಅದು ಅವರ ಹಣದುಬ್ಬರದ ಭಾಷೆ. ಅದರ ತರ್ಕ ಹೀಗೆ: ಎಲ್ಲದರ ಬೆಲೆ ಏರುತ್ತಿದೆ, ಎಲ್ಲ ಅಂಕಿಗಳೂ ಏರುತ್ತಿವೆ, ಹಾಗಾದರೆ ಪದಗಳ ಒಳಗೆ ಅಡಗಿರುವ ಅಂಕಿಗಳು ಮಾತ್ರ ಯಾಕೆ ಅಲ್ಲೇ ಇರಬೇಕು? ಆದ್ದರಿಂದ ಇಂಗ್ಲಿಷಿನ ಯಾವುದೇ ಪದದಲ್ಲಿ ಅಂಕಿಯ ಸದ್ದು ಕೇಳಿದರೂ ಒಂದು ಕೂಡಿಸಬೇಕು. 'ವಂಡರ್‌ಫುಲ್' ಪದದಲ್ಲಿ ವನ್ ಇದೆ, ಅದು 'ಟೂಡರ್‌ಫುಲ್' ಆಗಬೇಕು. 'ಬಿಫೋರ್' ಪದದಲ್ಲಿ ಫೋರ್ ಇದೆ, ಅದು 'ಬಿಫೈವ್'. 'ಟೆಂಡರ್ಲಿ' ಆಗುವುದು 'ಇಲೆವೆಂಡರ್ಲಿ'. ಹೀಗೆ ಒಂದು ಇಡೀ ಕಥೆಯನ್ನೇ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಓದುತ್ತಾರೆ. ನಮ್ಮ ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡ ಗುರಿ ಶೇಕಡಾ 4. ಬೋರ್ಗೆಯ ಭಾಷೆಯಲ್ಲಿ ಒಂದು ಎರಡಾಗುವುದರಿಂದ ಶೇಕಡಾ 100, ಹತ್ತು ಹನ್ನೊಂದಾಗುವುದರಿಂದ ಶೇಕಡಾ 10. ಅಂದರೆ ಸಣ್ಣ ಅಂಕಿಗೆ ದೊಡ್ಡ ಪೆಟ್ಟು. ಇದು ನಿಜವಾದ ಹಣದುಬ್ಬರಕ್ಕೂ ಹೊಂದುತ್ತದೆ, ಕಡಿಮೆ ಸಂಬಳದವರನ್ನು ಕೇಳಿ ನೋಡಿ.

ಇದನ್ನು ಕನ್ನಡದಲ್ಲಿ ಮಾಡಲು ಬರುತ್ತದೆಯೇ ಎಂದು ನಾನೂ ನನ್ನ ಗೆಳೆಯನೂ ಕೂತು ಪ್ರಯತ್ನಿಸಿದೆವು. ಬೈಲಹೊಂಗಲದವರಿಗೆ ಮೊದಲ ಪದ ತಾನಾಗಿಯೇ ಸಿಗುತ್ತದೆ: ಹತ್ತಿ. ಅದರಲ್ಲಿ ಹತ್ತು ಇದೆ, ಬೆಲೆ ಏರಿದರೆ ಹನ್ನೊಂದಿ. ಹತ್ತಿರ ಎಂಬುದು ಹನ್ನೊಂದಿರ. ಆರೋಗ್ಯ ಏಳೋಗ್ಯ, ಆರಂಭ ಏಳಂಭ, ಒಂದಿಷ್ಟು ಎರಡಿಷ್ಟು. ಎಂಟೆದೆಯ ಬಂಟ ಒಂಬತ್ತೆದೆಯ ಬಂಟನಾಗಿ ಇನ್ನೂ ಧೈರ್ಯಶಾಲಿಯಾಗುತ್ತಾನೆ. ಈಗ ಒಂದು ಸಾಧಾರಣ ವಾಕ್ಯ ನೋಡಿ. ಬೆಳಗ್ಗೆ ಆರು ಗಂಟೆಗೆ ಏಳು, ಹತ್ತಿರದ ಹತ್ತಿ ಹೊಲಕ್ಕೆ ಹೋಗು, ಒಂದಿಷ್ಟು ಕೆಲಸ ಆರಂಭಿಸು, ಆರೋಗ್ಯ ನೋಡಿಕೋ. ಹಣದುಬ್ಬರ ಆದ ಮೇಲೆ: ಬೆಳಗ್ಗೆ ಏಳು ಗಂಟೆಗೆ ಎಂಟು, ಹನ್ನೊಂದಿರದ ಹನ್ನೊಂದಿ ಹೊಲಕ್ಕೆ ಹೋಗು, ಎರಡಿಷ್ಟು ಕೆಲಸ ಏಳಂಭಿಸು, ಏಳೋಗ್ಯ ನೋಡಿಕೋ.

ಉರ್ದುವಿನಲ್ಲೂ ಆಗುತ್ತದೆ. ದೋಸ್ತ್ ಪದದಲ್ಲಿ ದೋ ಇದೆ, ಅದು ತೀನ್‌ಸ್ತ್. ಊಟದ ಅಚಾರ್‌ನಲ್ಲಿ ಚಾರ್ ಇದೆ, ಅದು ಅಪಾಂಚ್. ದಸ್ತಖತ್ ಮಾಡಬೇಕಾದಲ್ಲಿ ಗ್ಯಾರಾತಖತ್. ಮತ್ತು ನೌಕರಿ ದಸ್ಕರಿ. ನಮ್ಮ ಅಮ್ಮಿಗೆ ಅಪಾಂಚ್ ಕೊಡಿ ಎಂದು ಕೇಳಿದರೆ ಮೊದಲ ದಿನ ನಕ್ಕರು, ಎರಡನೆಯ ದಿನ ಅಚಾರ್ ಡಬ್ಬಿಯನ್ನೇ ಎತ್ತಿಟ್ಟರು.

ಈ ಆಟ ಆಡುವಾಗ ಒಂದು ವಿಷಯ ಹೊಳೆಯಿತು. ಏಳು ಎಂದರೆ ಸಂಖ್ಯೆಯೂ ಹೌದು, ಮಲಗಿದವರನ್ನು ಎಬ್ಬಿಸುವ ಮಾತೂ ಹೌದು ಎಂಬುದು ಶಾಲೆಯಲ್ಲಿ ಕನ್ನಡ ಕಲಿಯುವಾಗಲೇ ನನ್ನ ಕಿವಿಗೆ ಬಿದ್ದಿತ್ತು. ಕನ್ನಡವೇ ಮನೆಮಾತಾದ ನನ್ನ ಗೆಳೆಯನಿಗೆ ಅದು ಇಷ್ಟು ವರ್ಷ ಕೇಳಿಸಿಯೇ ಇರಲಿಲ್ಲ. ಆದರೆ 'ನೌಕರಿಯೊಳಗ ನೌ ಐತಲ್ಲೋ' ಎಂದವನು ಅವನೇ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ನೌಕರಿಯ ಮಾತು ಬರುತ್ತದೆ, ಅದರಲ್ಲಿ ಒಂಬತ್ತು ಇದೆ ಎಂದು ಯಾರಿಗೂ ಅನಿಸಿದ್ದಿಲ್ಲ. ಹುಟ್ಟಿದಾಗಿನಿಂದ ಆಡುವ ಭಾಷೆಯಲ್ಲಿ ನಮಗೆ ಅರ್ಥ ಕೇಳುತ್ತದೆ, ಸದ್ದು ಕೇಳುವುದಿಲ್ಲ. ಹೊರಗಿನಿಂದ ಬಂದವನಿಗೆ ಮೊದಲು ಕೇಳುವುದೇ ಸದ್ದು. ಇಂಗ್ಲಿಷಿನವರು ತಮ್ಮ ಪದಗಳಲ್ಲಿ ಅಂಕಿ ಅಡಗಿದೆ ಎಂದು ಎಷ್ಟೋ ನೂರು ವರ್ಷ ಗಮನಿಸದೆ ಇದ್ದರು. ಟಾಕೀಸಿನಲ್ಲಿ ಕೂತು ಭಾಷೆ ಕಲಿತ ಡೆನ್ಮಾರ್ಕಿನವನು ಅದನ್ನು ಆಟವಾಗಿ ಮಾಡಿ ತೋರಿಸಿದ.

ಅವರ ಇನ್ನೊಂದು ಪ್ರಸಿದ್ಧ ಐಟಂ ಕೂಡ ಹಾಗೆಯೇ. ಬರಹದಲ್ಲಿ ಅಲ್ಪವಿರಾಮ, ಪೂರ್ಣವಿರಾಮ, ಪ್ರಶ್ನೆಯ ಚಿಹ್ನೆ ಎಲ್ಲ ಇದೆ, ಮಾತಿನಲ್ಲಿ ಯಾಕಿಲ್ಲ ಎಂದು ಒಂದೊಂದು ಚಿಹ್ನೆಗೆ ಒಂದೊಂದು ಸದ್ದು ಕಟ್ಟಿದರು. ಬಾಯಿಯಿಂದ ಟುಪ್, ಫ್ಸ್‌ಸ್, ಕಿರ್ರ್ ಎಂದೆಲ್ಲ ಮಾಡುತ್ತಾ ಒಂದು ಪ್ರೇಮಕಥೆ ಓದುತ್ತಾರೆ. ಉಕ್ತಲೇಖನದಲ್ಲಿ ಕನ್ನಡ ಸರ್ ಪೂರ್ಣವಿರಾಮ ಎಂದು ಬಾಯಿಬಿಟ್ಟು ಹೇಳುತ್ತಾರಲ್ಲ, ಅದೇ ಸಿದ್ಧಾಂತ. ಉರ್ದುವಿನಲ್ಲಿ ಪ್ರಶ್ನೆಯ ಚಿಹ್ನೆ ಬಲಕ್ಕೆ ಮುಖ ಮಾಡಿ ನಿಂತಿರುತ್ತದೆ. ಅದರ ಸದ್ದನ್ನು ಉಸಿರು ಒಳಗೆಳೆದುಕೊಂಡು ಮಾಡಬೇಕೇನೋ.

ಈಗ ರಾವಸಾಹೇಬರ ಮಾತಿಗೆ ಮರಳುತ್ತೇನೆ. ಕನ್ನಡದ ನಾಟಕ, ಸಿನಿಮಾಗಳಲ್ಲಿ ಒಬ್ಬ ಸಾಬಿಯ ಪಾತ್ರ ಇರುತ್ತದೆ. ತಲೆಗೆ ಟೋಪಿ, ಬಾಯಲ್ಲಿ 'ನಮ್ದುಕೆ ನಿಮ್ದುಕೆ'. ಅವನು ಬಾಯಿ ತೆರೆದರೆ ಸಾಕು, ಜನ ನಗುತ್ತಾರೆ. ಆ ಸಂಭಾಷಣೆಯನ್ನು ಹೇಳಿ ತೋರಿಸು ಎಂದು ನನ್ನಂಥ ಹುಡುಗರನ್ನು ಕೇಳಿದವರು ಬಹಳ ಜನ. ಕೇಳುವವರಲ್ಲಿ ಕೆಟ್ಟ ಮನಸ್ಸು ಇರುವುದಿಲ್ಲ, ಅದು ಗೊತ್ತು. ಆದರೂ ಎರಡನೆಯ ಸಲ ಕೇಳಿದಾಗ ನಗು ಬರುವುದಿಲ್ಲ. ಆ ತೊಡಕಿಗೆ ಒಂದು ಕಾರಣವೂ ಇದೆ. ಉರ್ದುವಿನಲ್ಲಿ ಕುರ್ಸಿ ಹೆಣ್ಣು, ದರ್ವಾಜಾ ಗಂಡು. ಕನ್ನಡದಲ್ಲಿ ಎರಡೂ ಅದು. ಕನ್ನಡದಲ್ಲಿ ಕ್ರಿಯಾಪದ ಅವನು, ಅವಳು, ಅದು ಎಂದು ಮೂರು ದಾರಿ ಹಿಡಿಯುತ್ತದೆ. ಉರ್ದುವಿನಲ್ಲಿ ಇರುವುದು ಎರಡೇ ದಾರಿ. ಒಂದು ಭಾಷೆಯ ಲೆಕ್ಕದಿಂದ ಇನ್ನೊಂದರ ಲೆಕ್ಕಕ್ಕೆ ದಾಟುವಾಗ ಎಡವುವುದು ಸಹಜ. ಕನ್ನಡದವರು ಉರ್ದು ಆಡುವಾಗ ರೊಟ್ಟಿ ಗಂಡಾಗಿ, ಪಾನಿ ಹೆಣ್ಣಾಗಿ ನಮ್ಮ ಮನೆಗಳಲ್ಲೂ ನಗು ಎದ್ದದ್ದುಂಟು.

ಬೋರ್ಗೆಗೆ ಕೊನೆಯವರೆಗೂ ಇಂಗ್ಲಿಷಿನಲ್ಲಿ ಡೆನ್ಮಾರ್ಕಿನ ಎಳೆತ ಇತ್ತು. ಅದನ್ನು ಅವರು ಮರೆಮಾಡಲಿಲ್ಲ. ಆದರೆ 'ನೋಡಿ ನನ್ನ ಇಂಗ್ಲಿಷ್ ಎಷ್ಟು ಕೆಟ್ಟದ್ದು' ಎಂದು ಮಾರಲೂ ಇಲ್ಲ. ನಿಮ್ಮ ಇಂಗ್ಲಿಷ್ ಎಷ್ಟು ವಿಚಿತ್ರವಾಗಿದೆ ನೋಡಿ ಎಂದು ಕನ್ನಡಿಯನ್ನು ಅವರ ಕಡೆಗೇ ತಿರುಗಿಸಿದರು. ಸಾಬಿಯ ಪಾತ್ರದಲ್ಲಿ ಕನ್ನಡಿ ಯಾವಾಗಲೂ ಒಂದೇ ಕಡೆ ತಿರುಗಿರುತ್ತದೆ. ರಾವಸಾಹೇಬರಲ್ಲಿ ಪು.ಲ. ಮೂರನೆಯ ದಾರಿ ಹಿಡಿದರು. ಆಡುವ ಧಾಟಿಯಿಂದ ನಗು ಶುರುವಾಗುತ್ತದೆ, ಆದರೆ ಅಲ್ಲೇ ಮುಗಿಯುವುದಿಲ್ಲ; ಆ ಧಾಟಿಯ ಹಿಂದೆ ಇರುವ ಮನುಷ್ಯ ಪೂರ್ತಿ ಕಾಣುವವರೆಗೂ ಬಿಡುವುದಿಲ್ಲ. ಮುಂಬಯಿಯಿಂದ ಬಂದ ಪು.ಲ. ಅವರಿಗೂ ಬೆಳಗಾವಿಯ ಸದ್ದು ಹೊರಗಿನ ಕಿವಿಯಿಂದಲೇ ಕೇಳಿದ್ದು.

ಈ ಒಳಗೂ ಹೊರಗೂ ಇರುವ ಕೆಲಸಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ಹಳೆಯ ಪಾತ್ರವೇ ಇದೆ. ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ದೂತಿ ಗೊತ್ತು. ಕುಲಗೋಡ ತಮ್ಮಣ್ಣನವರ ಕೈಯಲ್ಲಿ ರೂಪ ಪಡೆದು, ಕೌಜಲಗಿ ನಿಂಗಮ್ಮನವರ ಹಾಡಿನಿಂದ ಮನೆಮಾತಾದ ಆಟ ಇದು; ಎರಡೂ ಊರು ಗೋಕಾಕ ಸೀಮೆಯವು. ಕಥೆ ಒಂದು ಹೂವಿನದು. ನಾರದ ತಂದ ಪಾರಿಜಾತವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಪೇಟಿ, ತಬಲಾ, ತಾಳ, ರಾಗಗಳಲ್ಲಿ ಕೂತ ಪದಗಳು. ಸಂಗೀತ ಗೊತ್ತಿಲ್ಲದವರು ಈ ಆಟ ಆಡಲಾರರು. ಇದರ ನಡುವೆ ಭಾಗವತನೇ ದೂತಿಯಾಗಿ ನಿಲ್ಲುತ್ತಾನೆ. ರಾಣಿ ದೊಡ್ಡ ದೊಡ್ಡ ಮಾತಿನಲ್ಲಿ ದುಃಖ ಹೇಳಿಕೊಂಡರೆ ದೂತಿ ಅದನ್ನು ಹಳ್ಳಿಯ ಮಾತಿಗೆ ಇಳಿಸಿ ಕೇಳುತ್ತಾಳೆ. ಯಾರಾದರೂ ವೇಷ ರಂಗಕ್ಕೆ ಬಂದರೆ ತಾವು ಯಾರು, ಎಲ್ಲಿಂದ ಬಂದಿರಿ ಎಂದು ವಿಚಾರಣೆ. ಕೃಷ್ಣನಿಗೂ ವಿನಾಯಿತಿ ಇಲ್ಲ. ಇಷ್ಟು ನಗಿಸಿದ ಅದೇ ಗಂಟಲು ಮರುಕ್ಷಣ ಮುಂದಿನ ಪದವನ್ನು ಎತ್ತಿಕೊಳ್ಳಬೇಕು, ಪೇಟಿಯ ಸ್ವರಕ್ಕೆ ಸರಿಯಾಗಿ. ಬೋರ್ಗೆ ಹಾಳೆ ತಿರುಗಿಸಿಟ್ಟು ನುಡಿಸಿದ್ದೂ ಇದನ್ನೇ.

ಬೋರ್ಗೆಯ ಬಗ್ಗೆ ಇನ್ನೊಂದೇ ಮಾತು ಉಳಿದಿದೆ. ಜರ್ಮನರ ಆಡಳಿತ ಇರುವಾಗಲೇ, ತಾಯಿ ಸಾಯುವ ಸ್ಥಿತಿಯಲ್ಲಿದ್ದಾರೆಂದು ತಿಳಿದು, ನಾವಿಕನ ವೇಷದಲ್ಲಿ ಒಮ್ಮೆ ಡೆನ್ಮಾರ್ಕಿಗೆ ಹೋಗಿಬಂದಿದ್ದರು. 1943ರಲ್ಲಿ ಡೆನ್ಮಾರ್ಕಿನ ಸಾಮಾನ್ಯ ಜನ, ಮೀನುಗಾರರು ಸೇರಿ, ಏಳು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿ ಉಳಿಸಿದರು. ಅದರ ಋಣಕ್ಕಾಗಿ ಬೋರ್ಗೆ 1963ರಲ್ಲಿ 'ಥ್ಯಾಂಕ್ಸ್ ಟು ಸ್ಕ್ಯಾಂಡಿನೇವಿಯಾ' ಎಂಬ ನಿಧಿಯನ್ನು ಸ್ಥಾಪಿಸಿದರು. ಅದು ಅಲ್ಲಿನ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುತ್ತಾ ಬಂದಿದೆ. 2000ದ ಡಿಸೆಂಬರ್ 23ರಂದು ತೀರಿಕೊಂಡಾಗ ಅವರಿಗೆ 91 ವರ್ಷ. ಪು.ಲ. ಹೋದದ್ದೂ ಅದೇ ವರ್ಷ.

ಈ ಸಲದ ಗ್ಯಾದರಿಂಗ್‌ನಲ್ಲಿ ಹಣದುಬ್ಬರದ ಕನ್ನಡದಲ್ಲಿ ಒಂದು ಹತ್ತು ನಿಮಿಷದ ಐಟಂ ಮಾಡಬೇಕೆಂದಿದ್ದೇವೆ. ಒಂದು ಭಾಗ ಕನ್ನಡ, ಒಂದು ಭಾಗ ಉರ್ದು. ವಾದ್ಯ ಬೇಡ ಎನ್ನುವ ಹಿರಿಯರು ನಮ್ಮ ಮನೆಗಳಲ್ಲಿ ಇದ್ದಾರೆ. ಅವರಿಗೂ ತೊಂದರೆ ಇಲ್ಲ, ಇದಕ್ಕೆ ಬಾಯಿ ಒಂದಿದ್ದರೆ ಸಾಕು. ಅಂಕಿ ಅಡಗಿರುವ ಪದ ಯಾರಿಗಾದರೂ ಹೊಳೆದರೆ ಬರೆದು ತಂದುಕೊಡಿ. ದ್ವಿತೀಯ ವಾಣಿಜ್ಯ, ಕಿಟಕಿಯ ಕಡೆ ಮೂರನೆಯ ಬೆಂಚು. ಹಣದುಬ್ಬರ ಆದರೆ ತೃತೀಯ ವಾಣಿಜ್ಯ, ನಾಲ್ಕನೆಯ ಬೆಂಚು.